ಬದಲಿ ತಜ್ಞೆ

ಕೆಲಸಕ್ಕೆ ಜನರನ್ನು ಆರಿಸುವ ಕುರ್ಚಿಯಲ್ಲಿ ಕೂತವರಿಗೆ ಒಂದು ಬಗೆಯ ಸೊಕ್ಕು ಬರುತ್ತದೆ. ನನಗೂ ಬಂದಿತ್ತು. ಎದುರಿಗೆ ಕೂತವನು ಕಾಲರ್ ಸಡಿಲಿಸಿಕೊಳ್ಳುತ್ತ ಬೆವರುವಾಗ ನೀರಿನ ಲೋಟವನ್ನು ಅವನತ್ತ ಸರಿಸಿ ದೊಡ್ಡ ಮನಸ್ಸಿನವಳ ಹಾಗೆ ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾನು ಧಾರವಾಡದ ಕಡೆಯವಳು. ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಶಿವಾಜಿನಗರದಲ್ಲಿ, ಕೋರ್ಟಿಗೆ ಹೋಗುವ ವಕೀಲರ ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಹತ್ತಬೇಕಾದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಕಚೇರಿ. ಪೈಪ್‌ಲೈನ್‌ಗಳ ವಿನ್ಯಾಸ ನಮ್ಮ ಉದ್ಯೋಗ. ಬಂದರಿನಿಂದ ಘಟ್ಟ ಹತ್ತಿ ಒಳನಾಡಿನ ಡಿಪೋಗೆ ಡೀಸೆಲ್ ಹೋಗಬೇಕು ಎಂದರೆ ಎಷ್ಟು ದಪ್ಪದ ಪೈಪು ಬೇಕು, ಎಲ್ಲೆಲ್ಲಿ ಪಂಪು ಇಡಬೇಕು, ಒಂದು ವಾಲ್ವ್ ತಟ್ಟನೆ ಮುಚ್ಚಿದರೆ ಒತ್ತಡ ಎಲ್ಲಿ ಏರಿ ಪೈಪು ಬಿರಿಯಬಹುದು ಎನ್ನುವುದನ್ನೆಲ್ಲ ಮಣ್ಣು ಅಗೆಯುವುದಕ್ಕೆ ಮೊದಲೇ ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟಿ ಹೇಳುವುದು ನನ್ನ ವಿಭಾಗದ ಕೆಲಸ. ಅವ್ವನಿಗೆ ಇದನ್ನು ವಿವರಿಸಲು ಹೋಗಿ ಸಾಕಾಗಿ ಕೊನೆಗೆ ನಲ್ಲಿ ರಿಪೇರಿ ಅಂದುಬಿಟ್ಟಿದ್ದೆ. ಅವಳು ಕಡೆಯವರೆಗೂ ಓಣಿಯವರಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದಳು.

ನಮ್ಮ ದಂಧೆಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಕೆಲಸಕ್ಕೆ ಟೆಂಡರ್ ಹಾಕುವಾಗ ಬರೀ ದರ ಬರೆದರೆ ಆಗುವುದಿಲ್ಲ, ಕೆಲಸ ಮಾಡುವ ತಜ್ಞರು ಯಾರ್ಯಾರು ಎಂದು ಪಟ್ಟಿ ಕೊಡಬೇಕು. ಒಬ್ಬೊಬ್ಬರ ಬಯೋಡೇಟಾ, ಪ್ರತಿ ಪುಟದ ಕೆಳಗೆ ಅವರ ಸಹಿ, ಜೊತೆಗೆ 'ಈ ಕೆಲಸ ಸಿಕ್ಕರೆ ನಾನು ಮಾಡುತ್ತೇನೆ' ಎಂಬ ಒಪ್ಪಿಗೆ ಪತ್ರ. ಬಯೋಡೇಟಾಗಳಿಗೆ ಅಂಕ ಬೀಳುತ್ತವೆ. ಒಬ್ಬ ಮನುಷ್ಯನ ಹೆಸರನ್ನು ಏಕಕಾಲಕ್ಕೆ ಎರಡು ಕೆಲಸಗಳಿಗೆ ಕೊಡುವಂತಿಲ್ಲ. ಘಟ್ಟದ ಡೀಸೆಲ್ ಲೈನಿನ ಟೆಂಡರ್ ಬಂದಾಗ ನನ್ನ ಹೆಸರು ಆಗಲೇ ಗುಜರಾತಿನ ಒಂದು ಗ್ಯಾಸ್ ಲೈನಿಗೆ ಹೋಗಿತ್ತು. ಹಾಗಾಗಿ ಹೊರಗಿನಿಂದ ಒಬ್ಬ ಹಿರಿಯ ಎಂಜಿನಿಯರನ್ನು ಹುಡುಕಬೇಕಾಯಿತು. ಇಪ್ಪತ್ತು ವರ್ಷದ ಅನುಭವ, ಪೈಪಿನೊಳಗಿನ ಹರಿವಿನ ಲೆಕ್ಕ ಬಲ್ಲವರು, ಅದೂ ಮೂರು ವಾರದೊಳಗೆ.

ಬಂದವರು ಹನ್ನೊಂದು ಜನ. ಒಬ್ಬನ ಬಯೋಡೇಟಾ ಓದಿದರೆ ದೇಶದ ಅರ್ಧ ಪೈಪುಗಳನ್ನು ಅವನೊಬ್ಬನೇ ಹೂತಿದ್ದಾನೆ ಅನ್ನಬೇಕು. ಇಳಿಜಾರಿನಲ್ಲಿ ಒತ್ತಡ ಯಾಕೆ ಏರುತ್ತದೆ ಎಂದು ಕೇಳಿದರೆ ಫ್ಯಾನಿನ ಕಡೆ ನೋಡುತ್ತ ಕೂತ. ಇನ್ನೊಬ್ಬನಿಗೆ ಸಾಫ್ಟ್‌ವೇರಿನ ಪ್ರತಿ ಗುಂಡಿಯೂ ಗೊತ್ತು, ಆದರೆ ಪಂಪ್ ಸ್ಟೇಷನ್ ಹೇಗಿರುತ್ತದೆ ಎಂದು ಕಣ್ಣಾರೆ ನೋಡಿರಲಿಲ್ಲ. ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತಿದ್ದೆ. ನಿಮ್ಮ ಮಾದರಿ ಒಂದು ಒತ್ತಡ ತೋರಿಸುತ್ತದೆ, ಸ್ಥಳದಲ್ಲಿರುವ ಮೀಟರ್ ಅದಕ್ಕಿಂತ ಕಡಿಮೆ ತೋರಿಸುತ್ತದೆ, ಏನು ಮಾಡುತ್ತೀರಿ? ಹತ್ತು ಜನರೂ ಒಂದೇ ಉತ್ತರ ಕೊಟ್ಟರು. ಪೈಪಿನ ಒಳಮೈ ಒರಟಾಗಿದೆ ಎಂದು ಅಂಕಿ ಏರಿಸಿ ಮಾದರಿಯನ್ನು ಮೀಟರಿಗೆ ಹೊಂದಿಸುತ್ತೇವೆ. ಇದು ನಮ್ಮ ಕಸುಬಿನವರೆಲ್ಲ ಮಾಡುವ ಕಳ್ಳಾಟ. ನಾನೂ ಮಾಡಿದ್ದೇನೆ.

ಹನ್ನೊಂದನೆಯವರು ಪುಣೆಯ ದಕ್ಷಿಣಕ್ಕಿರುವ ಭೋರ್ ಎಂಬ ಊರಿನಿಂದ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಬಂದಿದ್ದರು. ಐವತ್ತೇಳು ವರ್ಷ. ಅವರ ಕಂಪನಿ ಪುಣೆಯ ಶಾಖೆಯನ್ನು ಮುಚ್ಚಿ ಒಂದೂವರೆ ವರ್ಷವಾಗಿತ್ತು. ಹೆಂಡತಿ ಭೋರ್‌ನವರು, ಅಲ್ಲಿಯ ಶಾಲೆಯೊಂದರಲ್ಲಿ ಟೀಚರು. ಬಾಡಿಗೆ ಮನೆ ಬಿಟ್ಟು ಇವರೂ ಅಲ್ಲಿಗೇ ಹೋಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಸ್ಸಿನ ಸೀಟಿಗೆ ಒತ್ತಿ ಬೆನ್ನಿನಲ್ಲಿ ಮುದುಡಿತ್ತು. ಇಂಗ್ಲಿಷಿನಲ್ಲಿ ಮಾತಾಡಿದರು, ನಿಧಾನವಾಗಿ, ಒಂದು ಮಾತೂ ಹೆಚ್ಚಿಲ್ಲದೆ. ನಾನು ಕೊಟ್ಟ ಒಂದು ಸಣ್ಣ ಲೆಕ್ಕವನ್ನು ಕಾಗದದ ಮೇಲೆ ಮಾಡತೊಡಗಿದರು. ಆಗ ಅವರ ತುಟಿ ಅಲ್ಲಾಡಿತು. "ಏಳೆಂಟ್ಲೆ ಐವತ್ತಾರು" ಅಂತ ತಮ್ಮಷ್ಟಕ್ಕೇ ಗುಣಿಸಿಕೊಂಡರು.

"ಯಾವೂರ್ರಿ ನಿಮ್ಮದು?" ಅಂದೆ.

ಪೆನ್ನು ಹಿಡಿದ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಜಾತ್ರೆಯಲ್ಲಿ ತಪ್ಪಿಸಿಕೊಂಡವರನ್ನು ಯಾರೋ ಹೆಸರು ಹಿಡಿದು ಕರೆದ ಹಾಗೆ.

"ಇಂಡಿ ಹತ್ರ ರೀ ಮೇಡಂ. ನೀವು ಕನ್ನಡದವರೇನ್ರಿ? ಮೊದಲ ಹೇಳಬಾರದೇನ್ರಿ!"

ಆಮೇಲಿನ ಇಂಟರ್‌ವ್ಯೂ ಪೂರ್ತಿ ಕನ್ನಡದಲ್ಲೇ ನಡೆಯಿತು. ನನ್ನ ಹಳೆಯ ಪ್ರಶ್ನೆಯನ್ನು ಅವರಿಗೂ ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಮೊದಲ ಸ್ಟೇಷನ್‌ದಾಗ ಇರೋ ಆಪರೇಟರ್‌ಗೆ ಫೋನ್ ಮಾಡ್ತೀನ್ರಿ. ಯಾವುದರ ಒಂದು ವಾಲ್ವ್ ಅರ್ಧ ಮುಚ್ಚೇದೇನಪಾ, ನೋಡು ಅಂತೀನಿ. ಅಂವಾ ಇಲ್ಲಂದ್ರ ನಾನ ಹೋಗಿ ನೋಡ್ತೀನಿ. ಅಂಕಿ ತಿದ್ದಿದ್ರ ಮಾಡಲ್ ಸುಮ್ಮ ಕೂಡ್ತದ್ರಿ ಮೇಡಂ. ಪೈಪ್ ಸುಮ್ಮ ಕೂಡೂದಿಲ್ಲ."

ಅಲ್ಲಿಗೆ ನನ್ನ ತೀರ್ಮಾನವಾಯಿತು. ಬೇರೆಯವರ ಕಾಗದಗಳನ್ನು ಅವರ ಎದುರಿಗೇ ಮುಚ್ಚಿ ಪಕ್ಕಕ್ಕಿಟ್ಟೆ. ಹಾಗೆ ಮಾಡಬಾರದಿತ್ತು. ನನ್ನ ಸ್ವಭಾವವೇ ಹಾಗೆ, ಸಿಟ್ಟೂ ಮುಖದಲ್ಲೇ, ಸಂತೋಷವೂ ಮುಖದಲ್ಲೇ.

ಎರಡು ದಿನ ಬಿಟ್ಟು ಅವರು ಸಹಿ ಮಾಡಲು ಬಂದರು. ಬಯೋಡೇಟಾ ಹದಿನಾಲ್ಕು ಪುಟ ಇತ್ತು. ಮಿಕ್ಕವರು ಕಣ್ಣು ಮುಚ್ಚಿಕೊಂಡು ಸಹಿ ಹಾಕಿ ಹೋಗುತ್ತಾರೆ. ಇವರು ಒಂದೊಂದು ಪುಟವನ್ನೂ ಓದಿದರು. ಒಂದು ಕಡೆ ನಮ್ಮ ಟೈಪಿಸ್ಟ್ ಅವರ ಅನುಭವಕ್ಕೆ ಎರಡು ವರ್ಷ ಹೆಚ್ಚು ಸೇರಿಸಿದ್ದನ್ನು ಹಿಡಿದು, "ಇಷ್ಟು ನಾ ಮಾಡಿಲ್ರಿ" ಅಂತ ಹೊಡೆದು ಹಾಕಿದರು. ಇದು ನೇಮಕದ ಆದೇಶ ಅಲ್ಲ, ಟೆಂಡರ್ ಗೆದ್ದರೆ ಮಾತ್ರ ಕೆಲಸ ಎಂದು ನಾನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದೆ. ತಲೆಯಾಡಿಸಿದರು. ಆಮೇಲೆ ಮೆಟ್ಟಿಲವರೆಗೆ ಬಿಡಲು ಹೋದಾಗ ಕನ್ನಡದಲ್ಲಿ, "ಸಿಕ್ಕ ಸಿಗ್ತದ್ರಿ, ನೀವು ತಯಾರಾಗಿರ್ರಿ" ಅಂದೆ. ಎರಡರಲ್ಲಿ ಯಾವುದನ್ನು ಅವರು ಮನೆಗೆ ಹೊತ್ತುಕೊಂಡು ಹೋದರು ಎಂದು ಹೇಳಬೇಕಾಗಿಲ್ಲ.

ಟೆಂಡರಿನ ಫಲಿತಾಂಶಕ್ಕೆ ಐದು ತಿಂಗಳು ಹಿಡಿಯಿತು. ಅಷ್ಟೂ ಕಾಲ ಅವರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮೊದಲಿಗೆ ಟೆಂಡರ್ ವಿಷಯ ಕೇಳಲು, ಆಮೇಲೆ ಸುಮ್ಮನೆ. ಅವರ ಮನೆಯಲ್ಲಿ ಕನ್ನಡ ಆಡುವವರು ಯಾರೂ ಇರಲಿಲ್ಲ. ಹೆಂಡತಿಯದು ಮರಾಠಿ. ಮಗಳು ನಾಶಿಕದಲ್ಲಿ ಸಂಸಾರಸ್ಥೆ, ಅವಳದೂ ಮರಾಠಿಯೇ.

"ಮೇಡಂ, ನಿನ್ನೆ ಅಂಗಡಿಯವ ಮೋಹರಿ ಎಷ್ಟು ಅಂದ. ಇದಕ್ಕ ನಮ್ಮ ಕಡೆ ಏನಂತಾರ ಅಂತ ಅರ್ಧ ತಾಸು ನೆನಸ್ಕೊಂಡೆ ನೋಡ್ರಿ. ಸಾಸಿವಿ! ಸಾಸಿವಿ ಅನ್ನೋದು ಮರತುಬಿಟ್ಟಿದ್ದೆ."

ಅವರು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ನಾನೂ ಒಂಟಿ ಹೆಂಗಸು. ಮದುವೆ ಆಗಲಿಲ್ಲ, ಅವ್ವ ಹೋದ ಮೇಲೆ ಮನೆಯಲ್ಲಿ ನನ್ನ ಮಾತಿಗೆ ಓಗೊಡುವವರಿಲ್ಲ. ಕಚೇರಿಯಲ್ಲಿ ಬೆಂಗಳೂರಿನ ಕಡೆಯ ಹುಡುಗ ಹುಡುಗಿಯರು ನಾಲ್ಕೈದು ಜನ ಇದ್ದಾರೆ. ಅವರ ಕನ್ನಡದಲ್ಲಿ ಕ್ರಿಯಾಪದ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷು. ಈ ಹಿರಿಯರ ಫೋನಿಗೆ ನಾನೂ ಕಾಯುತ್ತಿದ್ದೆ ಎನ್ನುವುದನ್ನು ಮುಚ್ಚಿಡಲಾರೆ.

ಕೆಲಸದ ಮಾತೂ ಬರುತ್ತಿತ್ತು. ಘಟ್ಟ ಹತ್ತುವ ಲೈನಿನಲ್ಲಿ ತೊಂದರೆ ಇರುವುದು ನೆತ್ತಿಯಲ್ಲಿ. ಪಂಪು ನಿಂತಾಗ ನೆತ್ತಿಯ ಎರಡೂ ಕಡೆಯ ಡೀಸೆಲ್ ಕೆಳಕ್ಕೆ ಜಾರಿ ನಡುವೆ ಪೊಳ್ಳು ಬೀಳುತ್ತದೆ. ಮತ್ತೆ ಪಂಪು ಚಾಲು ಮಾಡಿದಾಗ ಎರಡೂ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆ ಹೊಡೆತಕ್ಕೆ ಪೈಪು ಸೀಳಿ ಹೋಗಬಹುದು. ಅವರು ಇದನ್ನು ಭೋರ್‌ನಲ್ಲಿ ಕೂತು ಕೈಯಲ್ಲೇ ಲೆಕ್ಕ ಮಾಡುತ್ತಿದ್ದರು. ಇನ್ನೂ ಸಿಗದ ಕೆಲಸಕ್ಕೆ, ಯಾರೂ ಕೇಳದೆ.

ನಾಲ್ಕನೆಯ ತಿಂಗಳಲ್ಲಿ ಒಂದು ಭಾನುವಾರ ನಾನು ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಬೇಕರಿಯ ಸಾಲಿನಲ್ಲಿ ನಿಂತಿದ್ದೆ. ಮುಂದೆ ಇನ್ನೂ ಏಳೆಂಟು ಜನ. ಹಿಂದಿನವನು ನನ್ನ ಹೆಗಲ ಮೇಲೆ ಉಸಿರು ಬಿಡುತ್ತ ಮರಾಠಿಯಲ್ಲಿ ಯಾರ ಮೇಲೋ ರೇಗುತ್ತಿದ್ದ. ಆಗ ಅವರ ಫೋನ್ ಬಂತು.

"ಮೇಡಂ, ಸಾತಾರಾ ಹತ್ರ ಒಂದು ಎಂಜಿನಿಯರಿಂಗ್ ಕಾಲೇಜಿನವರು ಕರದಾರ. ಪಾಠ ಹೇಳೂ ಕೆಲಸ. ಭೋರ್‌ದಿಂದ ಹೋಗಿ ಬರಬಹುದು. ನಾಳೆಯೊಳಗ ಹೂಂ ಅಥವಾ ಇಲ್ಲ ಹೇಳ್ರಿ ಅಂದಾರ. ಏನ್ ಮಾಡ್ಲಿ?"

"ಅದನ್ನ ಬಿಡ್ರಿ ಸರ್," ಅಂದೆ. "ಪೈಪಿನ ಕೆಲಸ ಬಿಟ್ಟು ಹುಡುಗರ ಹಾಜರಿ ತಗೊಂತ ಕೂಡ್ತೀರೇನು? ನಮ್ಮದು ಆಗ್ತದ. ಚಿಂತಿ ಮಾಡಬ್ಯಾಡ್ರಿ."

"ಖರೇನಾ?"

"ಖರೇ ರೀ."

ಸಾಲು ಮುಂದೆ ಸರಿಯಿತು. ನಾನು ಬಿಸ್ಕತ್ತು ಕೊಂಡು ಮನೆಗೆ ಹೋದೆ. ಒಬ್ಬ ಮನುಷ್ಯನ ಮುಂದಿನ ಮೂರು ವರ್ಷದ ಅನ್ನವನ್ನು ಅಷ್ಟು ಹೊತ್ತಿನಲ್ಲಿ ತೀರ್ಮಾನಿಸಿದ್ದೆ. ಸುಳ್ಳು ಹೇಳಿದ್ದೆ ಎಂದಲ್ಲ, ಆಗ ನಾನು ಅದನ್ನು ನಂಬಿಯೇ ಇದ್ದೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದ್ದೆ. ಅಂಕಿ ತಿದ್ದಿ ಮಾದರಿಯನ್ನು ಮೀಟರಿಗೆ ಹೊಂದಿಸುತ್ತಿದ್ದ ಹಾಗೆಯೇ.

ಟೆಂಡರ್ ನಮಗೇ ಸಿಕ್ಕಿತು. ತಜ್ಞರ ಅಂಕಗಳಲ್ಲಿ ನಾವೇ ಮುಂದಿದ್ದೆವಂತೆ, ಅದರಲ್ಲೂ ಇಂಡಿಯ ಆ ಹಿರಿಯರ ಬಯೋಡೇಟಾಗೆ ಎಲ್ಲರಿಗಿಂತ ಹೆಚ್ಚು. ಕಚೇರಿಯಲ್ಲಿ ಪೇಡೆ ಹಂಚಿದರು. ಅವರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಅವರು ಹೆಂಡತಿಯನ್ನು ಮರಾಠಿಯಲ್ಲಿ ಕೂಗಿ ಕರೆದದ್ದು ಕೇಳಿಸಿತು.

ಹತ್ತು ದಿನವೂ ಕಳೆದಿರಲಿಲ್ಲ, ಗುಜರಾತಿನ ಗ್ಯಾಸ್ ಲೈನ್ ನಿಂತಿತು. ಹಣ ಹಾಕುವವರು ಹಿಂದೆ ಸರಿದರಂತೆ. ನಾನು ಎರಡು ವರ್ಷ ಮಾಡಬೇಕಿದ್ದ ಕೆಲಸ ಒಂದು ಇಮೇಲಿನಲ್ಲಿ ಮುಗಿಯಿತು.

ನಮ್ಮ ಮುಖ್ಯಸ್ಥರು ನನಗಿಂತ ಆರು ವರ್ಷ ಚಿಕ್ಕವರು, ಕೆಟ್ಟವರೇನಲ್ಲ. ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಚಹಾ ತರಿಸಿದರು. ಬಾಗಿಲು ಮುಚ್ಚಿ ಚಹಾ ತರಿಸಿದರೆ ಒಳ್ಳೆಯ ಸುದ್ದಿ ಅಲ್ಲ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

"ಮ್ಯಾಡಮ್, ತ್ಯಾಂನಾ ಘ್ಯಾಯಚಂ ಕೀ ತುಮ್ಹಾಲಾ ಠೇವಾಯಚಂ? ತುಮ್ಹೀಚ ಸಾಂಗಾ," ಅಂದರು. ಅವರನ್ನು ತಗೋಬೇಕೋ ನಿಮ್ಮನ್ನು ಇಟ್ಟುಕೋಬೇಕೋ, ನೀವೇ ಹೇಳಿ ಎಂದು. ಇಬ್ಬರು ಹಿರಿಯರಿಗೆ ಸಾಲುವಷ್ಟು ಕೆಲಸ ಈಗ ಇಲ್ಲ. ಡೀಸೆಲ್ ಲೈನಿಗೆ ನಿಮ್ಮ ಹೆಸರು ಹಾಕೋಣ, ಬದಲಿ ತಜ್ಞೆ ಅಂತ.

ಆದರೆ ಟೆಂಡರಿನ ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಹೆಸರು ಕೊಟ್ಟ ತಜ್ಞರನ್ನು ಸುಮ್ಮನೆ ಬದಲಿಸುವಂತಿಲ್ಲ. ಎರಡೇ ಕಾರಣ ನಡೆಯುತ್ತದೆ, ಮರಣ ಅಥವಾ ಗಂಭೀರ ಕಾಯಿಲೆ. ಕಾಯಿಲೆಯಾದರೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಜೊತೆಗೆ ತಜ್ಞರೇ ಸಹಿ ಮಾಡಿದ ಪತ್ರ ಬೇಕು. ಮುಖ್ಯಸ್ಥರು ಫೈಲು ತೆರೆದು ನನ್ನ ಮುಂದೆ ಇಟ್ಟರು. ತಜ್ಞರ ಹೆಸರಿನಲ್ಲಿ ಟೈಪ್ ಮಾಡಿದ ಪತ್ರ, ಸರ್ಟಿಫಿಕೇಟ್ ಎರಡೂ ತಯಾರಾಗಿಯೇ ಇದ್ದವು. ಯಾವ ಡಾಕ್ಟರೋ, ನಾನು ಹೆಸರು ಕೇಳಿದವಳಲ್ಲ. ಹೃದಯದ ಕಾಯಿಲೆ, ಕಠಿಣ ಕೆಲಸ ಮಾಡಬಾರದು ಎಂದು ಬರೆದಿತ್ತು.

"ನೀವೇ ಹೋಗಿ ಬನ್ನಿ. ನಿಮ್ಮ ಭಾಷೆಯವರು, ನಿಮ್ಮ ಮಾತು ಕೇಳುತ್ತಾರೆ," ಎಂದು ಮರಾಠಿಯಲ್ಲಿ ಅಂದರು.

ನಾನು ಎದ್ದು ಬಾಗಿಲು ಬಡಿದು ಹೋಗಬಹುದಿತ್ತು. ನನ್ನನ್ನು ಬಲ್ಲವರೆಲ್ಲ ಹಾಗೇ ಮಾಡಿದೆ ಅಂದುಕೊಂಡಾರು. ಕಚೇರಿಯಲ್ಲಿ ನನ್ನ ಸಿಟ್ಟಿಗೆ ಹೆಸರಿದೆ. ಆ ದಿನ ಅದು ಎಲ್ಲಿ ಹೋಗಿತ್ತೋ. ನನಗೆ ಐವತ್ತೊಂದು. ಇನ್ನೊಂದು ಕಡೆ ಹೋಗಿ ಆ ಹನ್ನೊಂದು ಜನರ ಸಾಲಿನಲ್ಲಿ ಕೂತು ಯಾರೋ ಸರಿಸಿದ ನೀರಿನ ಲೋಟ ಕುಡಿಯುವುದನ್ನು ನೆನೆಸಿಕೊಂಡೆ. ಫೈಲು ಎತ್ತಿಕೊಂಡೆ.

ಮರುದಿನ ಬೆಳಿಗ್ಗೆ ಭೋರ್‌ಗೆ ಹೊರಟೆ. ಬರುತ್ತೇನೆ ಎಂದು ಫೋನ್ ಮಾಡಿ ಹೇಳಿದ್ದೆ, ಯಾಕೆ ಎಂದು ಹೇಳಿರಲಿಲ್ಲ. ಅದೇ ನನ್ನ ಎರಡನೆಯ ತಪ್ಪು. ಸಂತೆಯ ದಿನ, ರಸ್ತೆಯ ಉದ್ದಕ್ಕೂ ತರಕಾರಿಯವರು. ಕಾರು ದೂರ ನಿಲ್ಲಿಸಿ ಸಂದಿಯಲ್ಲಿ ನಡೆದು ಹೋದೆ. ಅವರು ಬಾಗಿಲಲ್ಲೇ ನಿಂತಿದ್ದರು, ಅದೇ ಬಿಳಿ ಅಂಗಿ, ಇಸ್ತ್ರಿ ಮುರಿಯದೆ. ಹೆಂಡತಿ ಶಾಲೆಗೆ ರಜೆ ಹಾಕಿದ್ದರು. ಒಳಗೆ ಹೆಜ್ಜೆ ಇಡುತ್ತಲೇ ನನಗೆ ಅರ್ಥವಾಯಿತು. ನಾನು ಆರ್ಡರ್ ತಂದಿದ್ದೇನೆ ಅಂದುಕೊಂಡಿದ್ದಾರೆ.

"ಬಸಾ, ತಾಈ, ಬಸಾ," ಅಂತ ಆಕೆ ಕುರ್ಚಿ ಒರೆಸಿ ಕೂರಿಸಿದರು. ಅಡುಗೆಮನೆಯಿಂದ ಶಿರಾದ ವಾಸನೆ ಬರುತ್ತಿತ್ತು.

ಆಕೆ ಒಳಗೆ ಹೋದ ಮೇಲೆ ನಾನು ಫೈಲು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮೊದಲು ಪತ್ರ, ಆಮೇಲೆ ಸರ್ಟಿಫಿಕೇಟ್. ತಿರುಗಿ ಪತ್ರ.

"ನನಗ ಹಾರ್ಟಿಂದು ಏನೂ ಇಲ್ಲಲ್ರಿ ಮೇಡಂ."

"ಗೊತ್ತದ್ರಿ."

"ಮತ್ತ?"

ಹೇಳಿದೆ. ಗುಜರಾತಿನ ಕೆಲಸ ನಿಂತದ್ದು, ಇಬ್ಬರಲ್ಲಿ ಒಬ್ಬರು ಎಂದದ್ದು, ಎರಡೇ ಕಾರಣದ ಷರತ್ತು, ಎಲ್ಲವನ್ನೂ ಹೇಳಿದೆ. ಕೇಳಿ ಮುಗಿದ ಮೇಲೆ ಅವರು ಕಿಟಕಿಯ ಕಡೆ ನೋಡುತ್ತ ಅಂದರು:

"ಸಾತಾರಾ ಕಾಲೇಜಿನಾಗ ಬ್ಯಾರೆಯವರನ್ನ ತಗೊಂಡುಬಿಟ್ರು."

"ತಪ್ಪಾತ್ರಿ ಸರ್. ನಂದ ತಪ್ಪು."

"ನೀವು ಕನ್ನಡದಾಗ ಹೇಳಿದ್ರಿ ನೋಡ್ರಿ, ಅದಕ್ಕ ನಾ ಬಿಟ್ಟೆ. ಮರಾಠಿಯೊಳಗ ಹೇಳಿದ್ರ ಇನ್ನೊಂದ ಸಲ ಕೇಳ್ತಿದ್ದೆ. ಬರದು ಕೊಡ್ರಿ ಅಂತಿದ್ದೆ."

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಒಂದೆರಡು ಮಾತು ಬೈದು ಹೊರಗೆ ಹಾಕಿದ್ದರೆ ನಾನು ಸಹಿ ಇಲ್ಲದ ಫೈಲಿನೊಂದಿಗೆ ಹಿಂದಿರುಗಿ, ಆಗಲಿಲ್ಲ ಎಂದು ಮುಖ್ಯಸ್ಥರ ಮೇಜಿನ ಮೇಲೆ ಒಗೆದು ಕೈ ತೊಳೆದುಕೊಳ್ಳುತ್ತಿದ್ದೆ.

"ನಾ ಸಹಿ ಮಾಡಲಿಲ್ಲಂದ್ರ ನಿಮಗೇನಾಗ್ತದ್ರಿ?"

"ನನ್ನ ಬಿಡಿಸ್ತಾರ್ರಿ."

"ಮನ್ಯಾಗ ದುಡಿಯೋರು ಬ್ಯಾರೆ ಯಾರರ ಅದಾರೇನು?"

"ನಾ ಒಬ್ಬಾಕೀನ ರೀ."

ಈ ಉತ್ತರ ಕೊಟ್ಟಾಗ ಅದು ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಉಳಿತಾಯ ಇದೆ, ಸ್ವಂತ ಫ್ಲ್ಯಾಟ್ ಇದೆ ಎಂದು ಹೇಳಲಿಲ್ಲ. ಒಬ್ಬಾಕೀನ ಅಂದು ತಲೆ ತಗ್ಗಿಸಿದೆ.

ಅವರು ಪೆನ್ನು ತೆಗೆದರು. ಆದರೆ ಸಹಿ ಮಾಡುವ ಮೊದಲು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಮತ್ತೊಮ್ಮೆ ನೋಡಿದರು. ಮೂವತ್ತು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿದ ಕಣ್ಣು.

"ಮೇಡಂ, ಇಲ್ಲಿ ನೋಡ್ರಿ. ಡಾಕ್ಟರ್ ಸರ್ಟಿಫಿಕೇಟಿಂದು ತಾರೀಖು ಪತ್ರಕ್ಕಿಂತ ನಾಕು ದಿನ ಆಮ್ಯಾಲಿಂದು ಅದ. ರೋಗ ಗೊತ್ತಾಗೂಕಿಂತ ಮೊದಲ ನಾ ಪತ್ರ ಹೆಂಗ ಬರದೆ? ಹಿಂಗ ಕೊಟ್ರ ಸಿಕ್ಕಿ ಬೀಳ್ತೀರಿ."

ಪತ್ರದ ಮೇಲಿನ ತಾರೀಖನ್ನು ಅವರೇ ತಿದ್ದಿದರು. ತಿದ್ದಿದ ಜಾಗದಲ್ಲಿ ಚಿಕ್ಕ ಸಹಿ ಹಾಕಿದರು, ನಮ್ಮ ಕಸುಬಿನಲ್ಲಿ ಹಾಕುವ ಹಾಗೆ. ಆಮೇಲೆ ಕೆಳಗೆ ಪೂರ್ತಿ ಸಹಿ ಮಾಡಿದರು. ನನ್ನ ಕಣ್ಣಿಗೆ ಆ ಅಕ್ಷರಗಳು ಕಾಣಿಸಲಿಲ್ಲ.

"ಒಂದ ಮಾತು," ಅಂದರು. "ಇದನ್ನ ಹೊರಗ ಯಾರಿಗೂ ಹೇಳಬ್ಯಾಡ್ರಿ. ನಮ್ಮ ಲೈನಿನಾಗ ಇರೋರು ಎಷ್ಟು ಮಂದಿ? ಎಲ್ಲಾರಿಗೂ ಎಲ್ಲಾರೂ ಗೊತ್ತು. ಹಾರ್ಟ್ ಅಂತ ಒಮ್ಮೆ ಹೆಸರು ಬಿತ್ತಂದ್ರ ಮುಗೀತು, ನನಗ ಯಾರೂ ಕೆಲಸ ಕೊಡೂದಿಲ್ಲ. ಇನ್ನೂ ಮೂರು ವರ್ಷರ ದುಡೀಬೇಕ್ರಿ ನಾ. ಮನ್ಯಾಗ ಕೂತು ಕೂತು ತಲಿ ಕೆಟ್ಟದ."

"ಯಾರಿಗೂ ಹೇಳೂದಿಲ್ರಿ. ನನ್ನ ಮ್ಯಾಲೆ ಬಿಡ್ರಿ."

ಹೆಂಡತಿ ಅಷ್ಟು ಹೊತ್ತಿಗೆ ಶಿರಾ ತಂದರು. ಅರಿಸಿನ ಕುಂಕುಮದ ತಟ್ಟೆ, ತೆಂಗಿನಕಾಯಿ, ಒಂದು ಕುಪ್ಪಸದ ಕಣ ತಂದು ನನ್ನ ಉಡಿ ತುಂಬಿದರು. ಮದುವೆಯಾಗದವಳು ಎಂದು ಹೇಳಲು ಬಾಯಿ ತೆರೆದೆ, ಆಕೆ ಕೇಳಿಸಿಕೊಳ್ಳಲಿಲ್ಲ. "ತುಮಚ್ಯಾಮುಳೇ ಝಾಲಂ," ಅಂದರು, ನಿಮ್ಮಿಂದ ಆಯಿತು ಎಂದು. ಅವರು ಹೆಂಡತಿಯ ಹಿಂದೆ ನಿಂತು ನನ್ನತ್ತ ನೋಡಿ ತಲೆ ಅಲ್ಲಾಡಿಸಿದರು. ನೀವು ಹೋದ ಮೇಲೆ ಹೇಳಿಕೊಳ್ಳುತ್ತೇನೆ, ಈಗ ಬೇಡ ಎಂದು. ನಾನು ಶಿರಾ ತಿಂದೆ. ಪೂರ್ತಿ ತಿಂದೆ. ಉಳಿಸಿದರೆ ಆಕೆ ಕಾರಣ ಕೇಳುತ್ತಿದ್ದರು.

ಬದಲಿ ತಜ್ಞೆಯಾಗಿ ನನ್ನ ಹೆಸರಿಗೆ ಒಪ್ಪಿಗೆ ಸಿಕ್ಕಿತು. ಡೀಸೆಲ್ ಲೈನಿನ ಮೊದಲ ಸಭೆಯಲ್ಲಿ ಟೆಂಡರ್ ಕರೆದ ಕಂಪನಿಯ ಅಧಿಕಾರಿಯೊಬ್ಬರು ಭೋರ್‌ನ ಹಿರಿಯರ ಆರೋಗ್ಯ ವಿಚಾರಿಸಿದರು. ಅಂಥ ಮನುಷ್ಯನಿಗೆ ಹೀಗಾಗಬಾರದಿತ್ತು ಎಂದು ನೊಂದುಕೊಂಡರು. ಸಭೆಯಲ್ಲಿ ಹದಿನಾರು ಜನ ಇದ್ದರು, ಬೇರೆ ಬೇರೆ ಕಂಪನಿಯವರು. ಮಾತು ಹೊರಗೆ ಹೋಗಲು ನಾನು ಹೇಳಬೇಕಾಗಿಯೇ ಇರಲಿಲ್ಲ. ನಾನು ಅಲ್ಲಿ ಕೂತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಳ್ಳುವ ನಾಟಕ ಮಾಡಿದೆ.

ಭೋರ್‌ನಿಂದ ಬರುವ ಫೋನು ನಿಂತಿತ್ತು. ನಾನೂ ಮಾಡಲಿಲ್ಲ. ಏನೆಂದು ಮಾಡಲಿ?

ನಾಲ್ಕು ತಿಂಗಳ ಮೇಲೆ, ಈ ವರ್ಷ ಬೇಸಿಗೆಯ ಆರಂಭದಲ್ಲಿ, ಅವರೇ ಮಾಡಿದರು. ದನಿಯಲ್ಲಿ ಮತ್ತೆ ಮೊದಲಿನ ಹುರುಪು. ಮುಂಬೈಯ ಒಂದು ಕಂಪನಿಯಲ್ಲಿ ಹಿರಿಯ ಎಂಜಿನಿಯರ್ ಜಾಗ ಖಾಲಿ ಇದೆ, ಇಂಟರ್‌ವ್ಯೂ ತುಂಬ ಚೆನ್ನಾಗಿ ಆಯಿತು ಎಂದರು. ನಿಮ್ಮ ಕೆಲಸ ಬಲ್ಲವರ ಹೆಸರೊಂದು ಕೊಡಿ, ವಿಚಾರಿಸುತ್ತೇವೆ ಎಂದು ಕೇಳಿದರಂತೆ.

"ನಿಮ್ಮ ಹೆಸರ ಕೊಟ್ಟೀನ್ರಿ ಮೇಡಂ. ಈಗ ಹಳೇ ಮಂದಿ ಯಾರದಾರ ಮತ್ತ? ಫೋನ್ ಬಂದ್ರ ಒಂದ ನಾಕ ಮಾತು ಚಲೋ ಹೇಳ್ರಿ."

"ಹೇಳ್ತೀನ್ರಿ," ಅಂದೆ. ನಿಜವಾಗಿ ಖುಷಿಯಾಯಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಮೂರು ದಿನದ ಮೇಲೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಆ ಫೋನು ಬಂತು. ಮುಂಬೈಯ ಆ ಕಂಪನಿಯ ಮನುಷ್ಯ, ಸಭ್ಯಸ್ಥ, ಹಿಂದಿಯಲ್ಲಿ ಮಾತಾಡಿದ. ಅವರ ಕೆಲಸದ ಬಗ್ಗೆ ಕೇಳಿದ. ನಾನು ಹತ್ತು ನಿಮಿಷ ಹೇಳಿದೆ. ಮೀಟರು ಮತ್ತು ಮಾದರಿಯ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಹೇಳಿದೆ, ಇಂಥವರು ಈಗ ಸಿಗುವುದಿಲ್ಲ ಎಂದೆ. ಒಂದೂ ಹೆಚ್ಚಿಸಿ ಹೇಳಿದ್ದಲ್ಲ.

"ನಮಗೂ ಹಾಗೇ ಅನಿಸಿದೆ, ಮೇಡಂ," ಅಂದ. "ಅವರನ್ನೇ ತಗೋಬೇಕು ಅಂತ ಮನಸ್ಸಿದೆ. ಒಂದೇ ಒಂದು ವಿಷಯ. ಅವರಿಗೆ ಹಾರ್ಟ್ ತೊಂದರೆ ಅಂತ ಡೀಸೆಲ್ ಲೈನಿನ ಕಡೆಯವರು ಹೇಳಿದರು. ಅವರನ್ನು ಕೇಳಿದರೆ ನನಗೇನೂ ಇಲ್ಲ ಅಂತಾರೆ. ಆ ಪತ್ರ ನಿಮ್ಮ ಕಂಪನಿಯಿಂದಲೇ ಹೋಗಿದೆ, ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ನಿಜವೋ ಸುಳ್ಳೋ?"

ಸುಳ್ಳು ಎಂದರೆ ಪತ್ರ ಸುಳ್ಳು, ಸರ್ಟಿಫಿಕೇಟ್ ಸುಳ್ಳು, ಬದಲಿ ತಜ್ಞೆಯೂ ಸುಳ್ಳು. ಇವನು ನಾಳೆ ಅದೇ ಅಧಿಕಾರಿಯ ಪಕ್ಕ ಕೂರುವವನು. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು? ಡಬ್ಬಿಯ ಮುಚ್ಚಳ ಇನ್ನೂ ನನ್ನ ಕೈಯಲ್ಲೇ ಇತ್ತು.

"ನಿಜ," ಅಂದೆ.

ಕೇಳಿದ್ದು ಒಳ್ಳೆಯದಾಯಿತು ಎಂದು ಅವನು ವಂದನೆ ಹೇಳಿ ಫೋನ್ ಇಟ್ಟ.

ಸಂಜೆ ಭೋರ್‌ನಿಂದ ಅವರು ಫೋನ್ ಮಾಡಿದರು. ಎತ್ತಬಾರದು ಅಂದುಕೊಂಡೇ ಎತ್ತಿದೆ.

"ಮುಂಬೈದವರು ಮಾಡಿದ್ರೇನ್ರಿ ಮೇಡಂ?"

"ಮಾಡಿದ್ರ್ರಿ."

"ಏನಂದ್ರಿ?"

"ಚಲೋನ ಹೇಳೀನ್ರಿ ಸರ್."

"ಅದು ನನಗ ಗೊತ್ತಿತ್ತು ಬಿಡ್ರಿ," ಅಂದರು. ಆಮೇಲೆ, ಮುಂಬೈಯಲ್ಲಿ ಕೋಣೆ ಎಲ್ಲಿ ಹಿಡಿದರೆ ಅನುಕೂಲ ಎಂದು ನನ್ನನ್ನು ಕೇಳತೊಡಗಿದರು.